ಮಾಳಿಗೆಯ ಮೇಲೆ ಹರಡಿದ ಕಾಗದ

ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತೆ. ನಮ್ಮ ಚಿಕ್ಕಪ್ಪ ಯಾರ ತಂಟೆಗೂ ಹೋದವನಲ್ಲ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸೋದು ಅವನ ಕೆಲಸ. ಕಿಟಕಿ ಪಕ್ಕ ನಿಂತು ಒಂದೊಂದೇ ಸೀಸದ ಅಕ್ಷರ ಆರಿಸಿ ಸಾಲು ಕೂಡಿಸ್ತಿದ್ದ. ಕಣ್ಣು ಬರಹದ ಮೇಲೆ, ಬಲಗೈ ತನ್ನ ಪಾಡಿಗೆ ಖಾನೆಗಳಲ್ಲಿ. ಅಪ್ಪ ಹೋದಮೇಲೆ ನನ್ನನ್ನು ಸಾಕಿದ್ದು ಆ ಕೈಯೇ. ದೊಡ್ಡವಳಾದ ಮೇಲೆ ನಾನೂ ಅಲ್ಲೇ ಕಾಗದ ಮಡಚೋಕೆ ಸೇರಿದೆ.

ಯುದ್ಧ ಶುರುವಾಯ್ತು. ಶತ್ರು ಇವತ್ತು ನುಗ್ತಾನೆ, ನಾಳೆ ನುಗ್ತಾನೆ ಅಂತ ಬೀದಿಯಲ್ಲೆಲ್ಲ ಗುಸುಗುಸು. ಪ್ರೆಸ್ಸಿನ ಎದುರು ಮನೆಯಲ್ಲಿ ಒಬ್ಬ ಮಹಾಶಯ. ನಾವು ಅವನನ್ನ ಕರೀತಿದ್ದದ್ದು ಬೆನ್ನ ಹಿಂದೆ ತುತ್ತೂರಿ, ಎದುರಿಗೆ ಅಣ್ಣಾವ್ರು. ಕರಪತ್ರ ಬರೆದು ಜನರಿಗೆ ಗುಮ್ಮ ತೋರಿಸೋದೇ ಅವನ ಕಸುಬು. ಆ ಸಲ ಬರೆದು ತಂದಿದ್ದ: "ಮಾಳಿಗೆಯ ಮೇಲೆ ಬಿಳಿಯದನ್ನು ಹರಡುವವನು ಶತ್ರು ವಿಮಾನವನ್ನು ಕರೆಯುವ ದ್ರೋಹಿ. ಕಂಡಲ್ಲಿ ಹಿಡಿಯಿರಿ."

"ಅಣ್ಣಾವ್ರೇ, ಜನ ಬಟ್ಟೆ ಒಣಹಾಕಲ್ವಾ?" ಅಂದ ಚಿಕ್ಕಪ್ಪ.

"ನೀನು ಜೋಡಿಸಯ್ಯಾ. ಯೋಚನೆ ಮಾಡೋಕೆ ನಾನಿದ್ದೀನಿ."

ಇದ್ದ, ಇದ್ದ! ಮಹಾ ಯೋಚನೆ!

ಅಚ್ಚಾಯ್ತು, ಬೆಳಿಗ್ಗೆ ಒಂದು ಕಂತೆ ಹಂಚಿ ಮುಗೀತು. ಉಳಿದದ್ದು ಒಣಗಲೇ ಇಲ್ಲ, ಯುದ್ಧಕಾಲದ ಮಸಿಯ ಹಣೆಬರಹವೇ ಅಷ್ಟು. ಮಧ್ಯಾಹ್ನ ಚಿಕ್ಕಪ್ಪನೂ ನಾನೂ ಹಾಳೆಗಳನ್ನ ಪ್ರೆಸ್ಸಿನ ಮಾಳಿಗೆಗೆ ಹೊತ್ತು, ಹರಡಿ, ಮೇಲೆ ಕಲ್ಲಿಟ್ವಿ. ಹಸಿ ಕಾಗದ ಯಾವಾಗಲೂ ಒಣಗಿಸ್ತಿದ್ದದ್ದು ಅಲ್ಲೇ. ಅದರಲ್ಲಿ ಏನಿದೆ ಅನ್ನೋದು ಇಬ್ಬರ ತಲೆಗೂ ಹೊಳೀಲಿಲ್ಲ.

ಸ್ವಲ್ಪ ಹೊತ್ತಿಗೆ ಮೆಟ್ಟಿಲು ದಡದಡ ಅಂತು. ದರ್ಜಿ, ಹಾಲಿನವನು, ಶಾಲೆ ಮೇಷ್ಟ್ರು, ಹಿಂದೆ ಅರ್ಧ ಬೀದಿ. ಕೈಯಲ್ಲಿ ಅದೇ ಕರಪತ್ರ, ಬೆರಳಿಗೆಲ್ಲ ನಮ್ಮದೇ ಮಸಿ.

"ಬಿಳಿ ಹರಡಿದ್ದಾನೆ! ಹಿಡೀರಿ!"

"ಅಯ್ಯೋ, ನಿಮ್ಮ ಕೈಲಿರೋದೇ ಕಣ್ರಪ್ಪ ಇದು! ಓದಿ ನೋಡಿ, ಕೆಳಗೆ ನಮ್ಮ ಪ್ರೆಸ್ಸಿನ ಹೆಸರೇ ಇದೆ!" ಅಂತ ಚಿಕ್ಕಪ್ಪ ಬೇಡಿಕೊಂಡ. ಯಾರು ಓದ್ತಾರೆ? ದರ್ಜಿ ಬಾಗಿಲ ಅಗುಳಿ ಎತ್ತಿ ಬೀಸಿದ. ಚಿಕ್ಕಪ್ಪ ತಲೆಗೆ ಬೀಳಬಾರದು ಅಂತ ಬಲಗೈ ಅಡ್ಡ ಕೊಟ್ಟ.

ತುತ್ತೂರಿ ಎದುರು ಬಾಲ್ಕನಿಯಲ್ಲೇ ನಿಂತಿದ್ದ. "ಅಣ್ಣಾವ್ರೇ, ನಿಮ್ಮ ಕಾಗದ ಅಂತ ಹೇಳಿ!" ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಅವನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ.

ಚಿಕ್ಕಪ್ಪನ ಬೆರಳುಗಳು ಪುಡಿಪುಡಿಯಾಗಿದ್ವು. ವೈದ್ಯರು ಕಟ್ಟು ಹಾಕಿ, ಇನ್ನು ಈ ಕೈ ಮೊಳೆ ಹಿಡಿಯಲ್ಲ ಅಂದುಬಿಟ್ರು. ಆದರೂ ಮನೆಯಲ್ಲಿ ಕೂರಲಾರದೆ ದಿನಾ ಪ್ರೆಸ್ಸಿಗೆ ಬಂದು ಖಾನೆಗಳ ಮುಂದೆ ನಿಲ್ಲೋನು. ನೋಡೋಕಾಗ್ತಿರಲಿಲ್ಲ.

ಒಂದು ದಿನ ತುತ್ತೂರಿ ಬಂದ, ನಾಚಿಕೆಗೆಟ್ಟವನು, ಹೊಸ ಬರಹದ ಜೊತೆ. ತಲೆಬರಹ: "ನಮ್ಮ ಬೀದಿಯ ಜನರ ಎಚ್ಚರಕ್ಕೆ ವಂದನೆ."

"ಆವತ್ತು ಒಂದು ಮಾತು ಹೇಳೋಕೆ ನಿಮ್ಮ ನಾಲಿಗೆ ಬಿದ್ದುಹೋಗಿತ್ತಾ?" ಅಂದೆ.

"ಹಾಗಲ್ಲಮ್ಮ, ಜನ ಹುಮ್ಮಸ್ಸಲ್ಲಿದ್ರು. ಅದನ್ನ ಕೆಡಿಸಬಾರದಲ್ಲ."

ಚಿಕ್ಕಪ್ಪ ಎಡಗೈಯಿಂದ ಆ ಕಾಗದ ಕಿತ್ಕೊಂಡು, ಹರಿಯೋಕೆ ಇನ್ನೊಂದು ಕೈ ಬಾರದೆ, ಹಲ್ಲಲ್ಲಿ ಕಚ್ಚಿ ಹರಿದ. "ಆಚೆ ನಡಿಯೋ" ಅಂದ.

ಯುದ್ಧ ಮುಗೀತು. ಶತ್ರು ನಮ್ಮ ಬೀದಿಗೆ ಬರಲೇ ಇಲ್ಲ. ಚಿಕ್ಕಪ್ಪನ ಅಂಗಿಗೆ ಈಗ ಗುಂಡಿ ಹಾಕೋದು ನಾನು. ಆ ಅಂಗಿ ಹೊಲಿದವನು ಅದೇ ದರ್ಜಿ.