ರೈಟ್ ಹೇಳುವ ಬೋರಯ್ಯ

ನಮ್ಮ ಹಿರಿಯೂರಿನ ನಿವೃತ್ತ ಕಂಡಕ್ಟರ್ ಬೋರಯ್ಯನವರು ಮೊಮ್ಮಗಳ ವಿಡಿಯೋ ಗೇಮಿನ ರೇಸನ್ನೂ ಬಸ್ಸಿನಂತೆಯೇ ನಡೆಸುತ್ತಾರೆ. ಕಾರ್ಟೂನ್ ಸಿನಿಮಾದ ಕರಡಿ, ಮೊಲಗಳೆಲ್ಲ ಪುಟ್ಟ ಗಾಡಿಗಳಲ್ಲಿ ಧೂಳೆಬ್ಬಿಸಿ ಹೋದರೂ, ಸೋಫಾ ತಟ್ಟಿ "ರೈಟ್, ರೈಟ್" ಅನ್ನದೆ ಇವರ ಆಮೆಯ ಗಾಡಿ ಕದಲುವುದಿಲ್ಲ. ದಾರಿಯಲ್ಲಿ ಯಾರ ಗಾಡಿ ಮಗುಚಿದರೂ ನಿಲ್ಲಿಸುತ್ತಾರೆ. "ರೇಸ್‌ನಾಗೆ ನಿಲ್ಲಿಸಂಗಿಲ್ಲ ತಾತ" ಎಂದು ಸ್ವಾತಿ ರೇಗಿದರೆ, "ಹತ್ತೋರು ಇದ್ರೆ ನಿಲ್ಲಿಸ್ಬೇಕವ್ವ" ಎನ್ನುತ್ತಾರೆ. ಆಟ ಶುರುವಾಗುವಾಗ ಪರದೆ ಮೇಲೆ ಡ್ರೈವರ್ ಹೆಸರು ಕೇಳಿದರೆ ತಮ್ಮದನ್ನು ಕೊಡುವುದಿಲ್ಲ. "ನಾನು ಟಿಕೆಟ್ ಹರಿಯೋನು. ಓಬಣ್ಣ ಅಂತ ಹಾಕು." ಇಪ್ಪತ್ತೆರಡು ವರ್ಷ ಇವರ ಹೊಸದುರ್ಗದ ಬಸ್ಸು ಓಡಿಸಿದ ಓಬಣ್ಣ ತೀರಿಕೊಂಡು ಎರಡು ವರ್ಷವಾಯಿತು. ಪ್ರತಿ ಸಲವೂ ರೇಸ್ ಮುಗಿದಾಗ ಫಲಿತಾಂಶದ ಪಟ್ಟಿಯ ಕೊನೆಯಲ್ಲಿ ಆ ಹೆಸರು ಮೂಡುತ್ತದೆ. ಬೋರಯ್ಯನವರು ಅದನ್ನು ನಿಧಾನವಾಗಿ ಓದಿ, "ಎಲ್ರನ್ನೂ ಸೇಫಾಗಿ ಮುಟ್ಟಿಸ್ದ" ಎನ್ನುತ್ತಾರೆ.