ಬೆಣ್ಣೆ ಸಾಲಿನ ಶಾಶಿತು

ಬಿಚೆನಾ ಊರಿನ ಶನಿವಾರದ ಸಂತೆಯಲ್ಲಿ ಪರೀಕ್ಷೆ ಮಾಡದೆ ಬೆಣ್ಣೆ ಕೊಂಡವರಿಲ್ಲ. ಹೆಬ್ಬೆರಳಿನ ಉಗುರಿನಿಂದ ಚೂರು ಕೆರೆಯಬೇಕು, ಮೂಗಿಗೆ ಹಿಡಿಯಬೇಕು, ನಾಲಿಗೆಯ ತುದಿಗೆ ತಾಗಿಸಬೇಕು, ಬೆರಳಲ್ಲಿ ಉಳಿದದ್ದನ್ನು ತಲೆಗೆ ಒರೆಸಿಕೊಳ್ಳಬೇಕು. ಬಟ್ಟೆಗೆ ಒರೆಸಿಕೊಂಡರೆ ಹಸುವಿಗೆ ಅವಮಾನ. ಇಷ್ಟೆಲ್ಲ ಮಾಡಿ ಮೂಗು ಮುರಿದು ಮುಂದಿನ ಗಡಿಗೆಗೆ ಹೋದರೂ ಯಾರೂ ಏನೂ ಅನ್ನುವಂತಿಲ್ಲ. ಈ ಪದ್ಧತಿ ಮಾಡಿಟ್ಟ ಪುಣ್ಯಾತ್ಮರು, ಮುಂದೆ ಶಾಶಿತು ಎಂಬವಳೊಬ್ಬಳು ಹುಟ್ಟುತ್ತಾಳೆ ಎಂದು ಎಣಿಸಿರಲಿಲ್ಲ.

ಶಾಶಿತು ಹುರಿದ ಜವೆಗೋಧಿ ಮಾರುವವಳು. ಅವಳದು ಹುಟ್ಟಿನಿಂದಲೇ ಒಣಕಲು ಗುಂಗುರು ಕೂದಲು. ಅದರ ಮೇಲೆ ದಿನವಿಡೀ ಒಲೆಯ ಹೊಗೆ. ಬಾಚಲು ಹೋದರೆ ಹಲ್ಲು ಉದುರುವುದು ಬಾಚಣಿಗೆಯದೇ. ಇಂಥ ತಲೆಗೆ ಬೆಣ್ಣೆಯೇ ಮದ್ದು ಎಂದು ಊರಿಗೆಲ್ಲ ಗೊತ್ತು. ಬೆಣ್ಣೆ ಕೊಳ್ಳುವ ತಾಕತ್ತು ತನಗಿಲ್ಲ ಎಂದು ಶಾಶಿತುವಿಗೂ ಗೊತ್ತು. ಹಾಗಾಗಿ ಅವಳು ಸಂತೆಯ ದಿನ ಕಾಳಿನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಬೆಣ್ಣೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಪರೀಕ್ಷೆ ಮಾಡುತ್ತ ಹೋಗುವಳು. "ಸ್ವಲ್ಪ ಹುಳಿ." "ಹಸುಗೆ ಮೇವು ಸಾಲ್ದು." "ಇದು ಪರವಾಗಿಲ್ಲ, ಆಮೇಲೆ ಬರ್ತೀನಿ." ಸಾಲು ಮುಗಿಯುವಷ್ಟರಲ್ಲಿ ತಲೆಯೂ ನೆನೆದಿರುತ್ತಿತ್ತು. ಆ ಆಮೇಲೆ ಎಂಬುದು ಇದುವರೆಗೂ ಬಂದಿಲ್ಲ.

ಅವಳ ಗಂಡನಾಗಿದ್ದ ಚೆಕೋಲೆ ಹೇಸರಗತ್ತೆಗಳ ದಲ್ಲಾಳಿ. ಕತ್ತೆಯ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಹೆಂಡತಿಯ ಮುಖ ನೋಡಿ ಏನೂ ಹೇಳಲಾರ. ಏಳು ವರ್ಷದ ಹಿಂದೆ ಅವಳನ್ನು ಬಿಟ್ಟ ದಿನ ತನ್ನ ಮನೆಯಂಗಳದಲ್ಲೇ ಹತ್ತು ಜನರ ಎದುರಿಗೆ ಅಂದಿದ್ದ: "ನಿನ್ನ ತಲೆ ಮುಳ್ಳಿನ ಬೇಲಿ ಕಣೇ. ಪಕ್ಕದಲ್ಲಿ ಮಲಗಿದ್ರೆ ದನದ ದೊಡ್ಡಿ ಕಾಯ್ದಂಗಿರುತ್ತೆ." ಜನ ನಕ್ಕರು, ಅವನ ತಾಯಿ ಎಲ್ಲರಿಗಿಂತ ಜೋರಾಗಿ. ಶಾಶಿತುವೂ ನಕ್ಕಳು. ಆದರೆ ಆ ಮಾತು ಅವಳನ್ನು ಒಳಗೆ ಸುಟ್ಟಿತ್ತು. ಅಂದಿನಿಂದ ಅವಳು ಬೆಣ್ಣೆ ಸಾಲನ್ನು ಒಂದು ವಾರವೂ ತಪ್ಪಿಸಿದ್ದಿಲ್ಲ.

ಅದೇ ಚೆಕೋಲೆ ಈಸ್ಟರ್ ಕಳೆದ ಮೇಲೆ ಮತ್ತೆ ಮದುವೆಯಾಗುತ್ತಾನೆ ಎಂಬ ಸುದ್ದಿ ಬಂತು. ಹುಡುಗಿ ಬೇರಾರೂ ಅಲ್ಲ, ಬೆಣ್ಣೆ ಸಾಲಿನ ಮೊದಲ ಗಡಿಗೆಯ ಒಡತಿ ತಿರಿಂಗೊ.

"ನನ್ನ ತಲೆಗೆ ಒಂದು ಚಮಚ ಬೆಣ್ಣೆ ತಂದುಕೊಡದ ಮೂಳ ಈಗ ಇಡೀ ಸಾಲನ್ನೇ ಕಟ್ಕೋತಾವ್ನೆ!" ಎಂದು ಶಾಶಿತು ಪಕ್ಕದವಳಿಗೆ ಹೇಳಿದಳು. ಮದುವೆಗೆ ಹೋಗಿಯೇ ತೀರುವುದೆಂದು ಅಂದೇ ನಿಶ್ಚಯಿಸಿದಳು. ಹೋದರೆ ಹೀಗೆ ಹೋಗಬೇಕು: ಮದುಮಗ ತನ್ನ ಮದುಮಗಳನ್ನು ಬಿಟ್ಟು ಇವಳ ತಲೆ ನೋಡಬೇಕು. ಅದೊಂದೇ ಅವಳಿಗೆ ಬೇಕಿದ್ದದ್ದು.

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಇನ್ನೇನು ಹಿಡಿಯಬೇಕು ಎನ್ನುವಾಗಿನ ಸಂತೆಯಲ್ಲಿ ಅವಳು ಮೊದಲ ಗಡಿಗೆಗೆ ಹೆಬ್ಬೆರಳು ಚಾಚಿದಳು. ತಿರಿಂಗೊ ಮಣಿಕಟ್ಟು ಹಿಡಿದಳು.

"ಸಾಕು ನಿಲ್ಸಕ್ಕಾ. ನನ್ನ ಗಡಿಗೆ ಏನು ನಿನ್ನ ಬಚ್ಚಲುಮನೆಯಾ, ವಾರ ವಾರ ತಲೆ ತೊಳ್ಕೊಳೋಕೆ?"

"ಪರೀಕ್ಷೆ ಮಾಡ್ಬೇಡ್ವಾ?"

"ಏಳು ವರ್ಷದಿಂದ ಪರೀಕ್ಷೆ ಬರೀತಿದ್ದೀಯ. ಪಾಸಾಗು, ಇಲ್ಲ ಮನೆಗ್ ಹೋಗು!"

ಸಾಲಿಗೆ ಸಾಲೇ ಗೊಳ್ಳೆಂದಿತು. ಆಮೇಲೆ ಒಬ್ಬೊಬ್ಬರೂ ಗಡಿಗೆಯ ಬಾಯಿಗೆ ಎಲೆ ಮುಚ್ಚಿದರು. ಶಾಶಿತು ಒಣ ತಲೆ ಹೊತ್ತು ಮನೆಗೆ ಬಂದಳು.

ಉಪವಾಸದಲ್ಲಿ ಹಾಲಿಲ್ಲ, ಬೆಣ್ಣೆಯಿಲ್ಲ, ಮಾಂಸವಿಲ್ಲ. ಊರೆಲ್ಲ ಅಗಸೆ ಹುರಿದು ಪುಡಿ ಮಾಡಿ ನೀರಿಗೆ ಕಲಸಿ ಕುಡಿಯುತ್ತದೆ. ಒಂದು ದಿನ ಶಾಶಿತು ಚೆಕೋಲೆಯನ್ನು ಬೈಯುವ ಭರದಲ್ಲಿ ಅಗಸೆಯನ್ನು ಹುರಿಯದೆ ಹಸಿಯಾಗಿಯೇ ಕುದಿಯುವ ನೀರಿಗೆ ಸುರಿದಳು. ಪಾತ್ರೆಯ ತುಂಬ ಮೂಗಿನ ಸಿಂಬಳದಂಥ ಲೋಳೆ ಎದ್ದಿತು. ಕುಡಿಯುವಂತಿಲ್ಲ, ಚೆಲ್ಲಲು ಮನಸ್ಸು ಬಾರದು. ಬಟ್ಟೆಯಲ್ಲಿ ಸೋಸಿ ಒದ್ದೆ ತಲೆಗೆ ಸವರಿ ಬಿಸಿಲಿಗೆ ಕೂತಳು. ಒಣಗಿದ ಮೇಲೆ ಮುಟ್ಟಿ ನೋಡಿದರೆ ಗುಂಗುರು ಗುಂಗುರೂ ಬೇರೆಯಾಗಿ, ಸುರುಳಿ ಸುತ್ತಿ, ಮೆತ್ತಗೆ ಹೊಳೆಯುತ್ತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ಅವಳ ಕಥೆ.

ಆದರೂ ಪಾಪಭೀತಿ. ತಪ್ಪೊಪ್ಪಿಗೆಗೆ ಹೋದಾಗ ಪಾದ್ರಿಗಳನ್ನು ಕೇಳಿದಳು: "ಸ್ವಾಮೀ, ತಲೆಗೆ ಅಗಸೆ ತಿನ್ಸಿದ್ರೆ ಉಪವಾಸ ಕೆಡುತ್ತಾ?"

"ತಲೆ ಏನ್ ತಿಂದ್ರೂ ದೇವರು ಕೇಳಲ್ಲಮ್ಮ," ಅಂದರು ಪಾದ್ರಿಗಳು. "ನಿನ್ನ ಬಾಯಿ ಚೆಕೋಲೆನ ತಿಂತಾ ಇದೆಯಲ್ಲ, ಅದು ಮಾಂಸ. ಅದನ್ನ ಬಿಡು."

ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದಳು.

ಮದುವೆಯ ದಿನ ಅವಳು ಬಿಳಿ ಶಾಲನ್ನು ಹೆಗಲಿಗಿಳಿಸಿ ಚೆಕೋಲೆಯ ಅಂಗಳಕ್ಕೆ ಕಾಲಿಟ್ಟಾಗ ಚಪ್ಪರದಡಿ ಬಿಯರು ಕುಡಿಯುತ್ತಿದ್ದವರ ಲೋಟಗಳು ನಿಂತವು. "ಬೇಲಿ ಹೂ ಬಿಟ್ಟೈತಲ್ಲೋ!" ಎಂದು ಯಾರೋ ಕೂಗಿದರು. ಚೆಕೋಲೆ ನೋಡಿದ. ಮತ್ತೊಮ್ಮೆ ನೋಡಿದ. ಶಾಶಿತುವಿಗೆ ಸ್ವರ್ಗ ಮೂರೇ ಗೇಣು.

ಅಷ್ಟರಲ್ಲಿ ಚೆಕೋಲೆಯ ತಾಯಿ ಹೊಸ ಸೊಸೆಯ ನೆತ್ತಿಗೆ ಬೆಣ್ಣೆಯ ಮುದ್ದೆ ಇಟ್ಟು ಹರಸಿ ಬಿಸಿಲಿಗೆ ಕೂರಿಸಿದಳು. ಬೆಣ್ಣೆ ಕರಗಿ ಜಡೆಗಿಳಿದರೆ ಸಂಸಾರ ತಂಪು. ಬೆಣ್ಣೆ ತಿರಿಂಗೊಳ ಮನೆಯಿಂದಲೇ ಬಂದದ್ದು. ಹಾಡು ಮುಗಿಯಿತು, ಕುಣಿತ ಮುಗಿಯಿತು, ಬೆಣ್ಣೆ ಕರಗಲಿಲ್ಲ. ಬಿಳಿಯ ಮುದ್ದೆ ನೆತ್ತಿಯ ಮೇಲೆ ಹಾಗೇ ಕೂತಿತ್ತು, ಸುತ್ತ ನೊಣ ಮುತ್ತಿತ್ತು. ತಿರಿಂಗೊ ಎರಡು ಗಡಿಗೆ ಇಟ್ಟುಕೊಂಡಿದ್ದಳು, ಒಂದು ಮನೆಗೆ, ಒಂದು ಸಂತೆಗೆ; ಸಂತೆಯದರಲ್ಲಿ ಪರೀಕ್ಷೆಗೆ ಸಿಗುವ ಮೇಲ್ಪದರವಷ್ಟೇ ಬೆಣ್ಣೆ. ಅವಳ ತಂಗಿಯರು ಸಂತೆಯದನ್ನು ಹೊತ್ತು ತಂದಿದ್ದರು.

ಗುಸುಗುಸು ಎದ್ದಿತು. ಅತ್ತೆ ಸುತ್ತ ನೋಡಿ ಕೂಗಿದಳು: "ಏ ಶಾಶಿತು! ಸಾಲಿನ ಗಡಿಗೆನೆಲ್ಲ ನೆಕ್ಕಿದವಳು ನೀನು. ಬಾ ಇಲ್ಲಿ. ಹೇಳು, ಇದು ಬೆಣ್ಣೆನಾ?"

ಶಾಶಿತು ಮದುಮಗಳ ನೆತ್ತಿಯಿಂದ ಉಗುರಿನಲ್ಲಿ ಕೆರೆದಳು, ಮೂಸಿದಳು. ಬಾಳೆಹಣ್ಣು. ನಾಲಿಗೆಗಿಟ್ಟಳು. ಕಳಿತ ಬಾಳೆಹಣ್ಣು, ಜೊತೆಗೆ ಬೇಯಿಸಿದ ಆಲೂಗಡ್ಡೆ. ಹೇಳಿದರೆ ತಿರಿಂಗೊಳ ವ್ಯಾಪಾರವೂ ಹೋಯಿತು, ಮದುವೆಯೂ ಹೋಯಿತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಗ ತಿರಿಂಗೊ ತಲೆಯೆತ್ತಿದಳು. ನಗಲು ನೋಡಿದಳು. ಇದೇ ಅಂಗಳ, ಇದೇ ಜನ, ಇದೇ ಮುದುಕಿಯ ಗಂಟಲು. ಅಂದು ತಾನು ನಕ್ಕು ನಿಂತದ್ದು ಶಾಶಿತುವಿಗೆ ನೆನಪಾಯಿತು.

"ಬೆಣ್ಣೆನೇ ಅತ್ತೆ," ಅಂದಳು. "ಬೆಟ್ಟದ ಹಸುದು. ಗಟ್ಟಿ ಜಾತಿ, ಕರಗೋದು ನಿಧಾನ."

ಚೆನ್ನಾಗಿದೆ ಎಂದವಳು ಬೆರಳನ್ನು ತಲೆಗೆ ಒರೆಸಿಕೊಳ್ಳಲೇಬೇಕು. ಎಲ್ಲರೂ ಅದನ್ನೇ ಕಾಯುತ್ತಿದ್ದರು. ಶಾಶಿತು ಉಪವಾಸವಿಡೀ ಸಾಕಿದ ತನ್ನ ಗುಂಗುರಿನ ಮೇಲೆ ಆ ಬಾಳೆಹಣ್ಣಿನ ಮುದ್ದೆಯನ್ನು ಒರೆಸಿಕೊಂಡಳು.

"ಬೇಲಿ ಮೇಲೆ ಕೊಕ್ಕರೆ ಕೂತಂಗಿದೆ!" ಎಂದ ಚೆಕೋಲೆ. ಚಪ್ಪರ ಬಿದ್ದು ಬಿದ್ದು ನಕ್ಕಿತು. ಶಾಶಿತು ಊಟಕ್ಕೆ ನಿಲ್ಲದೆ ನಡೆದಳು. ದಾರಿಯಲ್ಲಿ ಅತ್ತಳು, ನೊಣ ಓಡಿಸಿಕೊಳ್ಳುತ್ತ ಅತ್ತಳು.

ಮುಂದಿನ ಶನಿವಾರ ತಿರಿಂಗೊ ತಾನೇ ಕಾಳಿನ ಬುಟ್ಟಿಯ ಬಳಿಗೆ ಬಂದಳು. ಕಂಕುಳಲ್ಲಿ ಮನೆಯ ಗಡಿಗೆ. ಪಕ್ಕದಲ್ಲಿ ಕೂತು ಗಡಿಗೆಯನ್ನು ಮಡಿಲಿಗೆ ಇಳಿಸಿಕೊಂಡಳು.

"ಅಕ್ಕಾ, ನಿನ್ನೆ ನನಗೂ ಅಂದುಬಿಟ್ಟ."

"ಏನಂದ?"

"ಬೇಲಿ ಅಂದ. ದೊಡ್ಡಿ ಕಾಯ್ದಂಗಿರುತ್ತೆ ಅಂದ."

ಶಾಶಿತು ಅವಳ ತಲೆ ನೋಡಿದಳು. ನಿಜವಾದ ಬೆಣ್ಣೆ ಜಡೆಜಡೆಯಲ್ಲೂ ಇಳಿದು ಕಿವಿಯ ಹಿಂದೆ ಹರಿಯುತ್ತಿತ್ತು. ಬಿಚೆನಾದಲ್ಲಿ ಅಂಥ ತಲೆ ಇನ್ನೊಂದಿರಲಿಲ್ಲ.

"ಈ ತಲೆಗಾ? ಬೇಲಿನಾ?"

"ಹೂಂ."

"ಅಯ್ಯೋ ನನ್ನ ಕರ್ಮವೇ," ಅಂದಳು ಶಾಶಿತು. "ನಾನು ಏಳು ವರ್ಷ ಮದ್ದು ಹಚ್ಚಿದ್ದು ಯಾರ ರೋಗಕ್ಕೇ!"

ತಿರಿಂಗೊ ಮೂಗೆಳೆದುಕೊಂಡು ಗಡಿಗೆಯ ಎಲೆ ತೆಗೆದಳು. ಶಾಶಿತು ಉಗುರಿನಲ್ಲಿ ಕೆರೆದು, ಮೂಸಿ, ನಾಲಿಗೆಗಿಟ್ಟು, ತಲೆಗೆ ಒರೆಸಿಕೊಂಡಳು.

"ಹೆಂಗಿದೆಯಕ್ಕಾ?"

"ಗೊತ್ತಾಗ್ತಿಲ್ಲ," ಎಂದು ಅವಳು ಮತ್ತೆ ಹೆಬ್ಬೆರಳು ಚಾಚಿದಳು. "ಇನ್ನೊಂದ್ಸಲ ನೋಡ್ಬೇಕು."