ಹಸಿವು ತಿರುಗಿ ಬಂದ ಮೇಲೆ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳೋಕೆ ನನಗೆ ಯಾವ ಸಂಕೋಚವೂ ಇಲ್ಲ. ಹನಗೋಡಿನ ಹತ್ತಿರದ ನಮ್ಮ ಹಳ್ಳಿಯಿಂದ ಹುಣಸೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಬಿ.ಕಾಂ. ಮುಗಿಸಿದೆ. ಆಮೇಲೆ ಮೈಸೂರಿನ ಹಾಸ್ಟೆಲ್ ಸೇರಿ ಎಂ.ಕಾಂ. ಮಾಡಿದೆ. ಹೊಗೆಸೊಪ್ಪಿನ ಕಾಲದಲ್ಲಿ ಬೆಳಗ್ಗೆ ಅಪ್ಪನ ಜೊತೆ ಸೊಪ್ಪು ಮುರಿದು, ಅಂಟು ಹಿಡಿದ ಕೈಗೆ ಬೂದಿ ಹಾಕಿ ಉಜ್ಜಿಕೊಂಡು ಕಾಲೇಜಿಗೆ ಓಡುತ್ತಿದ್ದೆ. ಹಟ ಇಲ್ಲದಿದ್ದರೆ ಓದು ನನ್ನಂಥವಳಿಗೆ ದಕ್ಕುತ್ತಿರಲಿಲ್ಲ. ಅದೇ ಹಟ ನನ್ನನ್ನು ಇನ್ನೇನು ಮುಗಿಸಿಬಿಡುತ್ತಿತ್ತು.

ಹುಣಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡೋಕೆ ಸೇರಿದ್ದೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ಒಬ್ಬರು, "ಮೇಡಂ, ನೀವು ನಿಂತ್ರೆ ಹುಡುಗ್ರಿಗೆ ಬೋರ್ಡೇ ಕಾಣಲ್ವಂತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ಸಂಜೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ತೂಕ ಇಳಿಸುವ ವಿಡಿಯೋ ನೋಡೋಕೆ ಶುರು ಮಾಡಿದೆ.

ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು. ಮೊದಲು ಬಿಟ್ಟಿದ್ದು ಅದನ್ನೇ. ಬೆಳಗ್ಗೆ ಜೀರಿಗೆ ನೀರು, ಮಧ್ಯಾಹ್ನ ಡಬ್ಬಿಯಲ್ಲಿ ಸೌತೆಕಾಯಿ, ಒಂದು ಹಿಡಿ ಮೊಳಕೆ ಹೆಸರುಕಾಳು, ರಾತ್ರಿಗೆ ಎಣ್ಣೆ ಸೋಕದ ಒಂದು ಚಪಾತಿ. ಹೊಟ್ಟೆ ಚುರುಗುಟ್ಟಿದರೆ ನೀರು ಕುಡಿಯುವುದು. ಪರೀಕ್ಷೆಗೆ ಓದಿದ ಹಾಗೇ ಹಸಿದೆ. ಮೊದಮೊದಲು ಮೈ ಸರಸರ ಇಳಿಯಿತು. ನಕ್ಕವರೇ "ಏನ್ ಮೇಡಂ, ಹೀರೋಯಿನ್ ಆಗ್ಬುಟ್ರಿ" ಅಂದರು. ಆ ಒಂದು ಮಾತಿನ ಮೇಲೆ ಇನ್ನೊಂದು ವರ್ಷ ಎಳೆದೆ.

ಆಮೇಲೆ ಇಳಿಯುವುದು ನಿಂತಿತು. ಚಪಾತಿಯನ್ನು ಅರ್ಧ ಮಾಡಿದೆ, ಆದರೂ ತೂಕದ ಯಂತ್ರದ ಮುಳ್ಳು ಕದಲಲಿಲ್ಲ. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಕಂಡಕ್ಟರ್ ಒಮ್ಮೆ, "ಯಾಕಕ್ಕ, ಊಟಿಗೆ ಟಿಕೆಟ್ ಕೊಡ್ಲಾ?" ಅಂದ. ತಲೆಗೂದಲು ಉದುರಿ ಬಾಚಣಿಗೆಯಲ್ಲಿ, ದಿಂಬಿನಲ್ಲಿ, ತಿನ್ನುವ ತಟ್ಟೆಯಲ್ಲಿ, ಎಲ್ಲೆಂದರಲ್ಲಿ ಸಿಗುತ್ತಿತ್ತು. ಪಾಠ ಮಾಡುತ್ತಾ ಮಾಡುತ್ತಾ ವಾಕ್ಯದ ನಡುವೆ ಮಾತು ಮರೆಯುತ್ತಿತ್ತು. ತಿಂಗಳ ಮುಟ್ಟು ನಿಂತೇ ಹೋಯಿತು. ಕೊನೆಗೆ ಹಸಿವೂ ನಿಂತಿತು. ಅದನ್ನು ನಾನು ಗೆಲುವು ಅಂದುಕೊಂಡೆ.

ಆ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ, ಕಾಲೇಜಿನಿಂದ ಬಂದವಳೇ ಸೊಪ್ಪು ಕಟ್ಟಿ ಒಣಗಿಸುವ ಮನೆ, ಬ್ಯಾರನ್ನಿನ ಒಲೆಯ ಬಾಯಿ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದೆ. ಸೌದೆ ಒಡ್ಡುವ ಅಪ್ಪನಿಗೇ ಬೆವರು ಇಳಿಯುತ್ತಿತ್ತು, ನನಗೆ ಬೆರಳ ತುದಿ ಬೆಚ್ಚಗಾಗುತ್ತಿರಲಿಲ್ಲ. ಅವ್ವ ಬಂದು ಕೈ ಮುಟ್ಟಿ ನೋಡಿ, ಗಾಬರಿಯಿಂದ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

"ಇದು ಸುಮ್ನೆ ಅಲ್ಲ ಕಣಪ್ಪೋ. ಯಾರೋ ನನ್ ಮಗೀಗೆ ಮದ್ದಾಕವ್ರೆ."

ಮದ್ದು ಅಂದರೆ ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡುವುದು. ಅದು ಹೊಟ್ಟೆಗೆ ಅಂಟಿಕೊಂಡು ಮನುಷ್ಯನನ್ನು ಒಣಗಿಸುತ್ತದೆ ಅಂತ ನಮ್ಮ ಕಡೆ ಇವತ್ತಿಗೂ ನಂಬುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಯಾರೂ ಏನೂ ಹಾಕಿಲ್ಲ ಕಣವ್ವ. ನಾನೇ ಬೇಕು ಅಂತ ಕಮ್ಮಿ ತಿಂತಾ ಇದೀನಿ. ಡಯಟ್ ಅಂತಾರೆ."

"ಮಾಡಿಟ್ಟಿರೋ ಹಿಟ್ಟು ಮುಂದಿಟ್ಕೊಂಡು ಯಾರಾರ ಹಸ್ಕೊಂಡಿರ್ತಾರಾ? ಇದೂ ಆ ಮದ್ದೇ ಏಳುಸ್ತಾ ಇರೋ ಮಾತು" ಅಂದಳು.

ಅವಳನ್ನು ಹೇಗೆ ಬೈಯಲಿ? ನಾನು ಓದುವ ಕಾಲದಲ್ಲಿ ಎಲ್ಲರಿಗೂ ಇಕ್ಕಿ, ಪಾತ್ರೆಯ ತಳಕ್ಕೆ ಹತ್ತಿದ ಸೀಕನ್ನು ಕೆರೆದುಕೊಂಡು ತಿಂದು ನೀರು ಕುಡಿದು ಮಲಗಿದವಳು. ಹಸಿವು ಅಂದರೆ ಅವಳಿಗೆ ಇಲ್ಲದ ಕಾಲದಲ್ಲಿ ಬಂದು ಕೂರುವ ಪೀಡೆ. ಅದನ್ನು ಸಂಬಳ ತರುವ ಮಗಳು ಕರೆದು ಮನೆಯೊಳಗೆ ಇಟ್ಟುಕೊಂಡಿದ್ದಾಳೆ ಅಂದರೆ ಅವಳು ನಂಬುವುದಾದರೂ ಹೇಗೆ?

ಅವಳ ಬಾಯಿ ಮುಚ್ಚಿಸಲು ಒಂದು ಅಮಾವಾಸ್ಯೆಯ ಬೆಳಗ್ಗೆ ಜೊತೆಗೆ ಹೊರಟೆ. ಕೋಟೆ ತಾಲೂಕಿನ ಕಡೆಯ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನೊಬ್ಬನಿದ್ದ. ಜಗಲಿಯ ಮೇಲೆ ನನ್ನ ಹಾಗೇ ಖಾಲಿ ಹೊಟ್ಟೆಯಲ್ಲಿ ಬಂದವರು ಸಾಲಾಗಿ ಕೂತಿದ್ದರು. ಯಾವುದೋ ಸೊಪ್ಪಿನ ಹಸಿರು ರಸ ಕುಡಿಸಿದ. ಕರುಳೇ ಕಿತ್ತು ಬರುವ ಹಾಗೆ ವಾಂತಿಯಾಯಿತು. ಬರೀ ಹಳದಿ ನೀರು. ಅವನು ಕಡ್ಡಿಯಲ್ಲಿ ಕೆದಕಿ, ಒಂದು ಎಳೆ ಮೇಲಕ್ಕೆತ್ತಿದ.

"ನೋಡ್ರವ್ವ. ಕೂದ್ಲು. ಇದ್ರಲ್ಲೇ ಸುತ್ತಿ ಕೊಟ್ಟವ್ರೆ. ದೂರದೋರಲ್ಲ, ಗ್ವಾಡೆಗ್ ಗ್ವಾಡೆ ಅಂಟಿರೋರು."

ಆ ಕೂದಲು ನನ್ನದೇ. ಬಾಯಿ ತೆಗೆದು ಹೇಳೋಣವೆಂದರೆ ಉಸಿರಿರಲಿಲ್ಲ. ಅವ್ವನ ಮುಖ ನೋಡಿದೆ. ಅಲ್ಲಿ ಆಗಲೇ ತೀರ್ಮಾನ ಆಗಿಹೋಗಿತ್ತು.

ಗೋಡೆಗೆ ಗೋಡೆ ಅಂಟಿದ್ದ ಮನೆ ನಮ್ಮ ಚಿಕ್ಕಪ್ಪನದು. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಲ್ಲಿ ಇದ್ದದ್ದು ಚಿಕ್ಕವ್ವ ಒಬ್ಬಳೇ, ಅವಳಿಗೆ ಮಕ್ಕಳಿರಲಿಲ್ಲ. ಅವ್ವ ಕೂಲಿಗೆ ಹೋದ ದಿನಗಳಲ್ಲಿ, ಸ್ಕೂಲು ಮುಗಿಸಿ ಬಂದ ನನ್ನ ಕೈಗೆ ತಟ್ಟೆ ಕೊಟ್ಟವಳು ಅವಳು. ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಗೋಡೆಯ ಆಚೆಯಿಂದಲೇ ಕೂಗುತ್ತಿದ್ದಳು: "ಬಾರ್ಲಾ ಪುಸ್ತಕದ ಉಳಾ, ಹಿಟ್ಟು ಆರೋಯ್ತದೆ!" ಹೆಣ್ಣುಮಗುವನ್ನೂ ಮುದ್ದಿಗೆ 'ಲಾ' ಅಂತಲೇ ಕರೆಯುತ್ತಿದ್ದಳು. ಡಯಟ್ ಹಿಡಿದ ಮೇಲೂ ನಾನು ತಪ್ಪಿಸಿಕೊಳ್ಳಲಾಗದೆ ಅಪರೂಪಕ್ಕೆ ಎರಡು ತುತ್ತು ತಿಂದಿದ್ದರೆ ಅದು ಅವಳ ಮನೆಯಲ್ಲಿ ಮಾತ್ರ. ಅವ್ವನ ಲೆಕ್ಕಕ್ಕೆ ಅಷ್ಟು ಸಾಕಾಯಿತು.

ವಾಪಸ್ ಬರುವಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಿದ್ದೆ. ಕಣ್ಣು ಬಿಟ್ಟಾಗ ಆಸ್ಪತ್ರೆಯ ಹಾಸಿಗೆ, ಕೈಗೆ ಗ್ಲೂಕೋಸ್. ಲೇಡಿ ಡಾಕ್ಟರು ದಿನಕ್ಕೆ ಏನೇನು ತಿನ್ನುತ್ತೀರಿ ಅಂತ ಕೇಳಿದರು. ಹೇಳಿದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಅಂತ ಕಾಣುತ್ತದೆ.

"ಏನು ಓದಿದೀರಿ?"

"ಎಂ.ಕಾಂ."

"ಅದಕ್ಕೇ ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡ್ಕೊಂಡಿದೀರಿ."

ಬರೋ ಊಟ ಕಮ್ಮಿಯಾದಾಗ ಮೈ ತನ್ನ ಖರ್ಚನ್ನೂ ಕಮ್ಮಿ ಮಾಡುತ್ತೆ, ಬಿಸಿ, ಕೂದಲು, ಮುಟ್ಟು ಒಂದೊಂದನ್ನೇ ನಿಲ್ಲಿಸುತ್ತೆ, ಅದಕ್ಕೇ ತೂಕವೂ ಇಳಿಯೋದು ನಿಂತಿದ್ದು ಅಂದರು. "ಮತ್ತೆ ಸರಿಹೋಗುತ್ತಾ?" ಅಂತ ಕೇಳಿದೆ. "ತಿಂದ್ರೆ ಹೋಗಬಹುದು. ನಿಧಾನವಾಗಿ ಜಾಸ್ತಿ ಮಾಡಿ. ಎಷ್ಟು ದಿನ ಹಿಡಿಯುತ್ತೆ ಅಂತ ನಾನು ಹೇಳಲಾರೆ." ಬ್ಯಾರನ್ನಿಗೆ ಒಂದೇ ಸಲ ಜೋರು ಉರಿ ಹಾಕಿದರೆ ಸೊಪ್ಪು ಸೀದು ಕಪ್ಪಗಾಗುತ್ತದೆ ಅಂತ ಅಪ್ಪ ಹೇಳುವುದು ನೆನಪಾಯಿತು.

ನಾನು ಅಲ್ಲಿ ಮಲಗಿದ್ದಾಗಲೇ ಊರಿನಲ್ಲಿ ಆಗಬಾರದ್ದು ಆಗಿಹೋಗಿತ್ತು. ಬಟ್ಟೆ ತರಲು ಮನೆಗೆ ಹೋದ ಅವ್ವ, ನಲ್ಲಿಯ ಹತ್ತಿರ ಎಲ್ಲರ ಎದುರಿಗೆ ಚಿಕ್ಕವ್ವನ ಬಿಂದಿಗೆ ಕಾಲಲ್ಲಿ ಒದ್ದು, "ನಿಂಗ್ ಮಕ್ಳಿಲ್ಲ ಅಂತ ನನ್ ಮಗಳ್ನ ತಿಂತೀಯೇನೇ?" ಅಂದಳಂತೆ. ಚಿಕ್ಕವ್ವ ಮನೆಯಿಂದ ಕರ್ಪೂರ ತಂದು ನಲ್ಲಿಕಟ್ಟೆಯ ಮೇಲೆ ಹಚ್ಚಿ, "ನಾನಾಕಿದ್ರೆ ಈ ಕೈ ಸೇದೋಗ್ಲಿ" ಅಂತ ಆಣೆ ಮಾಡಿದಳಂತೆ. ಸುತ್ತ ನಿಂತವರು ತಮ್ಮ ತಮ್ಮ ಬಿಂದಿಗೆ ಎತ್ತಿಕೊಂಡು ಹೊರಟುಹೋದರಂತೆ. ಅಪ್ಪ ಇದನ್ನು ನೆಲ ನೋಡಿಕೊಂಡು ಹೇಳಿದ.

ಮನೆಗೆ ಬಂದ ಮೇಲೆ ತಿನ್ನೋಕೆ ಕಲಿತೆ. ಹೌದು, ಕಲಿಯಬೇಕಾಯಿತು. ಮೊದಲು ನಿಂಬೆಹಣ್ಣಿನಷ್ಟು ಹಿಟ್ಟು. ಅಷ್ಟಕ್ಕೇ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ಆಮೇಲೆ ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಒಂದು ಲೋಟ ಹಾಲು. ಪಾದ ಊದಿಕೊಂಡವು. ಮುಖ ಊದಿತು. ತೋಳು ಕಡ್ಡಿಯಂತೆಯೇ ಇದ್ದು ಹೊಟ್ಟೆ ಮಾತ್ರ ಮುಂದೆ ಬಂತು. ರವಿಕೆಗಳ ಹೊಲಿಗೆ ಬಿಚ್ಚಿಸಿದೆ. ಸ್ಟಾಫ್ ರೂಮಿನಲ್ಲಿ ಅದೇ ದನಿ, "ಹಳೇ ಮೇಡಂ ವಾಪಸ್ ಬತ್ತಾವ್ರೆ" ಅಂದಿತು. ಅವತ್ತು ಊಟದ ಡಬ್ಬಿಯ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿಬಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗಿ, ಶೌಚಾಲಯದ ಪಕ್ಕದ ಮೆಟ್ಟಿಲ ಮೇಲೆ ಒಬ್ಬಳೇ ಕೂತು, ಅಳುತ್ತಾ ಅಷ್ಟನ್ನೂ ತಿಂದೆ. ಎಂ.ಕಾಂ. ಪರೀಕ್ಷೆ ಇದಕ್ಕಿಂತ ಸುಲಭವಿತ್ತು.

ತಿಂಗಳುಗಳು ಹೋದವು. ಮೈ ಬೆಚ್ಚಗಾಗಲಿಲ್ಲ, ಮುಟ್ಟು ಬರಲಿಲ್ಲ. ಇದು ಇನ್ನು ತಿರುಗಿ ಬರುವುದಿಲ್ಲವೇನೋ ಅಂತ ಒಬ್ಬಳೇ ಹೆದರುತ್ತಿದ್ದೆ. ಅವ್ವನಿಗೆ ಮಾತ್ರ ಯಾವ ಹೆದರಿಕೆಯೂ ಇರಲಿಲ್ಲ. "ಮದ್ದಿನ ಬೇರೇ ಕಿತ್ತಾಕವ್ನೆ, ಇನ್ನು ನೀನು ಚಿಗುರೋದೇ ಬಾಕಿ" ಅನ್ನುತ್ತಿದ್ದಳು. ಚಿಕ್ಕವ್ವನ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದಳು.

ಮೊದಲು ಬಂದದ್ದು ಹಸಿವು. ಒಂದು ದಿನ ಮೈಸೂರಿಗೆ ಹೋಗುವಾಗ ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ಯಾರೋ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ಹತ್ತಿದರು. ಆ ವಾಸನೆಗೆ ಬಾಯಲ್ಲಿ ನೀರು ತುಂಬಿತು. ಅಲ್ಲಿಂದ ಆಚೆಗೆ ಅದು ಬಿಡಲೇ ಇಲ್ಲ. ಉಂಡು ಕೈ ತೊಳೆದರೆ ಮತ್ತೆ ಹಸಿವು. ಪಾಠದ ನಡುವೆ ಹಸಿವು. ಎರಡು ವರ್ಷದ ಹಸಿವೆಲ್ಲ ಒಟ್ಟಿಗೆ ಬಂದು ಬಾಗಿಲು ಬಡಿದಂತಿತ್ತು. ಆಮೇಲೆ ಕೈ ಬೆಚ್ಚಗಾದವು. ಕೊನೆಗೆ ಒಂದು ಭಾನುವಾರ ಮುಟ್ಟಾದೆ. ಹಿತ್ತಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಮದ್ದು ತೆಗೆದವನಿದ್ದ ಕೋಟೆ ಕಡೆ ತಿರುಗಿ ಕೈ ಮುಗಿದಳು.

ಆ ಹಸಿವು ಕೇಳಿದ್ದು ಒಂದನ್ನೇ, ಚಿಕ್ಕವ್ವನ ಬಸ್ಸಾರು. ಗೋಡೆಯ ಆಚೆ ಬೆಳ್ಳುಳ್ಳಿ ಒಗ್ಗರಣೆ ಚುಂಯ್ ಅಂದ ಒಂದು ಮಧ್ಯಾಹ್ನ ಎದ್ದು ಹೋದೆ. ಹೊಸ್ತಿಲಾಚೆ ನಿಂತು, "ಚಿಕ್ಕವ್ವ, ಹೊಟ್ಟೆ ಹಸೀತಾ ಅದೆ. ಒಂದು ಹಿಟ್ಟು ಇಕ್ಕು" ಅಂದೆ.

ಅವಳು ಒಲೆಯ ಮುಂದಿನಿಂದ ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮುಖ ಅರಳಿತು. ಮತ್ತೆ ಮುಚ್ಚಿಕೊಂಡಿತು.

"ಮೈ ಕೈ ತುಂಬ್ಕೊಂಡಿದ್ದೀಯ. ಸಂತೋಸ ಕಣ್ ಮಗ. ಆದ್ರೆ ನನ್ ಕೈದು ಬ್ಯಾಡ."

"ಅದು ಮದ್ದಲ್ಲ ಅಂತ ಡಾಕ್ಟರೇ ಹೇಳವ್ರೆ, ಚಿಕ್ಕವ್ವ."

"ನಿಂಗೊತ್ತು, ನಂಗೊತ್ತು. ಊರಿಗ್ ಯಾರ್ ಏಳೋರು? ನಾಳೆ ನಿಂಗೊಂದು ತಲೆನೋವು ಬಂದ್ರೂ ನನ್ ಸಾರಿನ್ ಮ್ಯಾಕೆ ಬತ್ತದೆ. ಮದುವೆ ಮನೇಲಿ ನಾನ್ ಬಡ್ಸೋಕೆ ಓದ್ರೆ ಎಲೆ ಮ್ಯಾಲೆ ಕೈ ಅಡ್ಡ ಇಡ್ತಾರೆ, ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ನೀರನ್ನಾದರೂ ಕೊಡು ಅಂದೆ. ಅದನ್ನೂ ಕೊಡಲಿಲ್ಲ. "ಓಗು, ನಿಮ್ಮವ್ವ ಹಿಟ್ಟು ತಿರುವ್ತಾವ್ಳೆ. ಆರೋಯ್ತದೆ" ಅಂದು ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿದಳು. ಈ ಸಲ 'ಬಾರ್ಲಾ' ಇರಲಿಲ್ಲ.

ಮನೆಗೆ ಬಂದು ತಟ್ಟೆಯ ಮುಂದೆ ಕೂತೆ. ಅವ್ವ ದೊಡ್ಡದೊಂದು ಮುದ್ದೆ ಇಟ್ಟು, ನಾನು ನುಂಗುವ ಒಂದೊಂದು ತುತ್ತನ್ನೂ ನೋಡುತ್ತಾ ಎದುರಿಗೆ ಕೂತಳು. ಗೋಡೆಯ ಆಚೆ ಚಿಕ್ಕವ್ವ ತನ್ನೊಬ್ಬಳಿಗೆ ಹಿಟ್ಟು ತಿರುವುವ ಕೋಲಿನ ಸದ್ದು ಕೇಳುತ್ತಿತ್ತು. ಅಷ್ಟನ್ನೂ ಉಂಡೆ. ಹಸಿವು ಇನ್ನೂ ಇತ್ತು.